ಕ್ಯೂಬಾದವರ ಕಣ್ಣೀರಿನ ಬಗ್ಗೆ ಕೇಳುವವರಿಗೆ

"ಕುಣಿಯುವ ಜನರಲ್ಲವೇ ಅವರು, ಹಾಡಿನಲ್ಲಿ ಇಷ್ಟೊಂದು ಗೋಳೇಕೆ?" ನನಗೆ ಕ್ಯೂಬಾದ ಹಳೆಯ ಹಾಡುಗಳ ಹುಚ್ಚಿದೆ ಎಂದು ತಿಳಿದವರೆಲ್ಲ ಕೇಳುವುದು ಇದನ್ನೇ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಈ ಬರಹವನ್ನೇ ಕಳಿಸುತ್ತೇನೆ.

ಅತ್ತ ಮೇಲೆ ಕುಣಿಯಬಾರದು ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಸಾಂಟಿಯಾಗೊ ದೆ ಕ್ಯೂಬಾದ ಮಿಗೆಲ್ ಮಾತಾಮೋರೊಸ್ ರಚಿಸಿದ 'ಲಾಗ್ರಿಮಾಸ್ ನೆಗ್ರಾಸ್' (ಕಪ್ಪು ಕಣ್ಣೀರು) ಕೇಳಿ. ನೀನು ಕೈಬಿಟ್ಟು ಹೋದೆ, ನನ್ನ ಆಸೆಗಳನ್ನೆಲ್ಲ ಕೊಂದೆ, ಆದರೂ ಶಪಿಸುವ ಬದಲು ಕನಸಿನಲ್ಲಿ ನಿನ್ನನ್ನು ಹರಸುತ್ತೇನೆ ಎಂದು ಬೊಲೆರೊ ಎಂಬ ಪ್ರೇಮಗೀತೆಯ ನಿಧಾನಗತಿಯಲ್ಲಿ ಶುರುವಾಗುತ್ತದೆ. ನಡುವೆ ಲಯ ಸೋನ್ ಎಂಬ ಕುಣಿತದ ಸಂಗೀತಕ್ಕೆ ಹೊರಳುತ್ತದೆ. ಸತ್ತರೂ ಸರಿ, ನಿನ್ನ ಜೊತೆಗೇ ಬರುತ್ತೇನೆ ಎನ್ನುವಷ್ಟರಲ್ಲಿ ಕೇಳುಗರ ಕಾಲು ತಾನಾಗಿ ಕುಣಿಯತೊಡಗಿರುತ್ತದೆ.

ನೆಂಟರ ಗೃಹಪ್ರವೇಶವೊಂದರಲ್ಲಿ ಊಟವಾದ ಮೇಲೆ ಇದನ್ನೇ ಹಾಕಿದ್ದೆ. ದೊಡ್ಡಪ್ಪ ಎಲೆಅಡಿಕೆ ಜಗಿಯುತ್ತ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಏನು ಹಾಡುತ್ತಿದ್ದಾರೆ ಎಂದು ಕೇಳಿದರು, ಹೇಳಿದೆ. ತಾಳ ನಿಂತಿತು. "ಶುಭಕಾರ್ಯದ ಮನೆಯಲ್ಲಿ ಬಿಟ್ಟುಹೋದವರ ಹಾಡೇನೋ? ಮೊದಲು ನಿಲ್ಲಿಸು." ಅದುವರೆಗೆ ಅವರ ಕೈಗೆ ಯಾವ ಅಶುಭವೂ ತಟ್ಟಿರಲಿಲ್ಲ! ನಿಲ್ಲಿಸಿದೆ. ದೊಡ್ಡಪ್ಪನೊಡನೆ ವಾದಿಸಿ ಗೆದ್ದವರು ನಮ್ಮ ಮನೆತನದಲ್ಲಿ ಇಲ್ಲ.

ಗೋಳಿನ ಲೆಕ್ಕ ಬಿಟ್ಟು, ಇಂಥ ಹಾಡುಗಳ ಸಾಲುಗಳನ್ನು ಬರೆದವರು ಯಾರು ಎಂದು ಒಬ್ಬರಾದರೂ ಕೇಳಬಾರದೇ? 1997ರಲ್ಲಿ ಕ್ಯೂಬಾದ ಹಿರಿಯ ಕಲಾವಿದರ 'ಬ್ಯುಯೆನಾ ವಿಸ್ತಾ ಸೋಷಿಯಲ್ ಕ್ಲಬ್' ಧ್ವನಿಮುದ್ರಿಕೆ ಬಂದಾಗ ಒಮಾರಾ ಪೋರ್ತುವೊಂದೊ ಹಾಡಿದ 'ವೇಯಿಂತೆ ಆನ್ಯೋಸ್' (ಇಪ್ಪತ್ತು ವರ್ಷ) ಜಗತ್ತನ್ನೆಲ್ಲ ಸುತ್ತಿತು. ರಾಗ ಮರಿಯಾ ತೆರೇಸಾ ವೇರಾ ಅವರದು. ಮಾತು ಅವರ ಗೆಳತಿ ಗಿಯೆರ್ಮಿನಾ ಅರಾಂಬುರು ಅವರದು. ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡ ಬಿಟ್ಟುಹೋದ ಮೇಲೆ ಬರೆದು, ತನ್ನ ಹೆಸರು ಹಾಕಬೇಡ ಎಂದಳಂತೆ. ಬಯಸಿದ್ದೆಲ್ಲ ಸಿಗುವಂತಿದ್ದರೆ ಇಪ್ಪತ್ತು ವರ್ಷದ ಹಿಂದಿನಂತೆಯೇ ನೀನು ನನ್ನನ್ನು ಪ್ರೀತಿಸುತ್ತಿದ್ದೆ ಎನ್ನುತ್ತದೆ ಹಾಡು. ಇಲ್ಲಿ ಎದೆ ಬಡಿದುಕೊಳ್ಳುವುದು ಎಲ್ಲಿದೆ? ಸಿಗುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿದೆ.

ಅದೇ ಧ್ವನಿಮುದ್ರಿಕೆಯಲ್ಲಿ ಇಬ್ರಾಹಿಂ ಫೆರ್ರೆರ್ ಹಾಡಿದ 'ದೋಸ್ ಗಾರ್ದೇನಿಯಾಸ್' (ಎರಡು ಗಾರ್ಡೇನಿಯಾ ಹೂ) ಕೂಡ ಹೆಣ್ಣಿನ ರಚನೆಯೇ. ಪ್ರೀತಿಸಿದವರಿಗೆ ಎರಡು ಹೂ ಕೊಟ್ಟು, ಒಂದು ಸಂಜೆ ಅವು ಬಾಡಿದರೆ ನಿನ್ನ ಬಾಳಿನಲ್ಲಿ ಬೇರೆ ಯಾರೋ ಇದ್ದಾರೆಂದು ಅವಕ್ಕೆ ತಿಳಿದುಹೋಗಿದೆ ಎಂದರ್ಥ, ಎನ್ನುತ್ತದೆ ಹಾಡು. ಹೂ ಕೊಟ್ಟು ಪತ್ತೇದಾರಿಕೆ! ಇದನ್ನು ಬರೆದ ಪಿಯಾನೋ ವಾದಕಿ ಇಸೊಲಿನಾ ಕರಿಯೊ ಬಗ್ಗೆ ಕೇಳಿ, ಗಂಟೆಗಟ್ಟಲೆ ಹೇಳುತ್ತೇನೆ. ಕಾಫಿಯೂ ನನ್ನದೇ.