ಓಡೋದು ಬೇರೆ, ಹಿಡಿಯೋದು ಬೇರೆ

ನಮ್ಮ ಹೈಸ್ಕೂಲಿನ ಪಿಟಿ ಮೇಷ್ಟ್ರಿಗೆ ಒಂದು ಗಟ್ಟಿ ನಂಬಿಕೆ ಇತ್ತು. ಜೋರಾಗಿ ಓಡುವ ಹುಡುಗನಿಗೆ ಯಾವ ಆಟವಾದರೂ ಬಂದೇ ಬರುತ್ತದೆ ಅನ್ನೋದು. ನೂರು ಮೀಟರ್‌ನಲ್ಲಿ ಮೊದಲು ಬಂದವನನ್ನು ಖೋಖೋಗೂ ಹಾಕುತ್ತಿದ್ದರು, ಕಬಡ್ಡಿಗೂ ಹಾಕುತ್ತಿದ್ದರು, ಕೊನೆಗೆ ವಾಲಿಬಾಲ್‌ಗೂ ತಳ್ಳುತ್ತಿದ್ದರು. ತಾಲ್ಲೂಕು ಮಟ್ಟದ ವಾಲಿಬಾಲ್‌ನಲ್ಲಿ ನಾವು ಏನಾಗುತ್ತಿದ್ದೆವು ಅಂತ ಆಗಿನ ಬ್ಯಾಚಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಳೆ ಬಂದು ಗ್ರೌಂಡು ಕೆಸರಾದರೆ ಮೇಷ್ಟ್ರು ಕ್ಲಾಸಿಗೇ ಬಂದು ಕಥೆ ಹೇಳುತ್ತಿದ್ದರು. ಅವರ ಹೀರೋ ಕೋಲಾರದಲ್ಲಿ ಹುಟ್ಟಿದ ಕೆನೆತ್ ಪವೆಲ್. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಪರ ಓಡಿದವರು, ಮರುವರ್ಷ ಅರ್ಜುನ ಪ್ರಶಸ್ತಿ ಪಡೆದವರು. ‘ಆ ಸಲ ನೂರು ಮೀಟರ್ ಗೆದ್ದವನು ಯಾರು ಗೊತ್ತೇನ್ರೋ? ಬಾಬ್ ಹೇಯ್ಸ್! ಆಮೇಲೆ ಅಮೆರಿಕನ್ ಫುಟ್‌ಬಾಲ್‌ಗೆ ಹೋದ, ಅಲ್ಲೂ ಗೆದ್ದ. ಓಟ ಒಂದಿದ್ರೆ ಎಲ್ಲಾ ಇದ್ದಂಗೆ’ ಅನ್ನುತ್ತಿದ್ದರು.

ಮುಂದೆ ನಾನು ಎಂ.ಎಸ್. ಮಾಡಲು ಹೋದದ್ದು ಫ್ಲಾರಿಡಾದ ಟ್ಯಾಲಹಾಸಿಗೆ. ಅಲ್ಲಿ ಎರಡು ಯೂನಿವರ್ಸಿಟಿಗಳು ಸೇರಿ ಒಂದು ಎಂಜಿನಿಯರಿಂಗ್ ಕಾಲೇಜು ನಡೆಸುತ್ತವೆ. ಅದರಲ್ಲೊಂದು ಫ್ಲಾರಿಡಾ ಎ ಅಂಡ್ ಎಂ, ಕಪ್ಪು ಜನರಿಗೆ ಬೇರೆ ಕಾಲೇಜು ಅಂತ ಇದ್ದ ಕಾಲದಲ್ಲಿ ಬೆಳೆದದ್ದು. ಹೇಯ್ಸ್ ಓದಿದ್ದು ಅಲ್ಲೇ. ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಕೂಡ ಅಲ್ಲಿಯ ಹಳೆಯ ವಿದ್ಯಾರ್ಥಿ. ಮೇಷ್ಟ್ರ ಮಾತನ್ನು ಅವರಿಗೆ ಹೇಳಿದೆ. ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟು, ‘ನಿಮ್ಮ ಮೇಷ್ಟ್ರು ಉಲ್ಟಾ ಹೇಳಿದ್ದಾರೆ. ಹೇಯ್ಸ್ ಫುಟ್‌ಬಾಲ್ ಆಟಗಾರ. ಜೊತೆಗೆ ಓಡ್ತಿದ್ದ, ಅಷ್ಟೇ’ ಅಂದರು.

ಆ ಮಾತಲ್ಲಿ ಅರ್ಥವಿತ್ತು. 1942ರಲ್ಲಿ ಜ್ಯಾಕ್ಸನ್‌ವಿಲ್‌ನಲ್ಲಿ ಹುಟ್ಟಿದ ಹೇಯ್ಸ್ ಹೈಸ್ಕೂಲಿನಲ್ಲೇ ಫುಟ್‌ಬಾಲ್ ಟೀಮಿನಲ್ಲಿದ್ದ. ಯೂನಿವರ್ಸಿಟಿಯಲ್ಲಿ ಅವನ ಫುಟ್‌ಬಾಲ್ ಕೋಚ್ ಜೇಕ್ ಗೇದರ್. ಆ ಊರಲ್ಲಿ ಈಗಲೂ ಆ ಹೆಸರನ್ನು ಯಾರೂ ಹಗುರವಾಗಿ ಎತ್ತುವುದಿಲ್ಲ. ಓಟ ಏನಿದ್ದರೂ ಫುಟ್‌ಬಾಲ್ ಆದಮೇಲೆ. ಅಂಥದ್ದರಲ್ಲೂ 1963ರಲ್ಲಿ ಹೇಯ್ಸ್ ನೂರು ಗಜವನ್ನು 9.1 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ. ಓಡುವ ಚಂದ ಏನೂ ಇರಲಿಲ್ಲ. ಪಾದ ಒಳಕ್ಕೆ ತಿರುಗಿರುತ್ತಿತ್ತು, ಮೈ ಅತ್ತಿತ್ತ ಓಲಾಡುತ್ತಿತ್ತು. ಹಳೆಯ ವಿಡಿಯೊ ನೋಡಿ, ಈಗ ಬಿದ್ದ, ಆಗ ಬಿದ್ದ ಅನ್ನಿಸುತ್ತದೆ.

ಟೋಕಿಯೊದಲ್ಲಿ ಫೈನಲ್‌ಗೆ ಸಿಕ್ಕಿದ್ದು ಒಂದನೇ ಲೇನ್. ಬೂದಿಮಣ್ಣಿನ ಟ್ರ್ಯಾಕು, ಅವತ್ತೇ ನಡಿಗೆ ಸ್ಪರ್ಧೆಯವರು ತುಳಿದು ಆ ಲೇನನ್ನು ಹದಗೆಡಿಸಿದ್ದರು. ಅದು ಸಾಲದೆಂಬಂತೆ ಒಂದು ಕಾಲಿನ ಶೂ ರೂಮಿನಲ್ಲೇ ಉಳಿದಿತ್ತು. ಜೊತೆಯವನ ಶೂ ಸಾಲ ಪಡೆದು ಓಡಿದ. 10.0 ಸೆಕೆಂಡು, ಚಿನ್ನ. ರಿಲೇಯಲ್ಲಿ ಕೊನೆಯ ಓಟ ಅವನದು. ಬ್ಯಾಟನ್ ಕೈಗೆ ಬಂದಾಗ ಅಮೆರಿಕ ಐದನೇ ಜಾಗದಲ್ಲಿತ್ತು. ಎಲ್ಲರನ್ನೂ ದಾಟಿ ಗೆರೆ ಮುಟ್ಟಿದ. 39.0 ಸೆಕೆಂಡು, ಅದೂ ವಿಶ್ವದಾಖಲೆ. ನನ್ನ ಲೆಕ್ಕದಲ್ಲಿ ನೂರು ಮೀಟರ್‌ಗಿಂತ ಇದೇ ದೊಡ್ಡ ಓಟ.

ಟೋಕಿಯೊಗೆ ಹೋಗುವ ಮೊದಲೇ ಡಲ್ಲಾಸ್ ಕೌಬಾಯ್ಸ್ ಅನ್ನೋ ವೃತ್ತಿಪರ ಫುಟ್‌ಬಾಲ್ ಟೀಮು ಅವನನ್ನು ಡ್ರಾಫ್ಟ್‌ನಲ್ಲಿ, ಅಂದರೆ ಟೀಮುಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವಾಗ, ಆರಿಸಿಕೊಂಡಿತ್ತು, ಅದೂ ಏಳನೇ ಸುತ್ತಿನಲ್ಲಿ. ಅಲ್ಲಿ ಅವನದು ರಿಸೀವರ್ ಕೆಲಸ. ಅದೇನು ಅಂದರೆ, ಕ್ವಾರ್ಟರ್‌ಬ್ಯಾಕ್ ಅನ್ನೋ ಆಟಗಾರ ದೂರಕ್ಕೆ ಎಸೆದ ಚೆಂಡನ್ನು ಓಡಿಹೋಗಿ ಹಿಡಿಯುವುದು. ಬೌಂಡರಿ ಹತ್ತಿರ ಹಿಂದಕ್ಕೆ ಓಡುತ್ತಾ ಭುಜದ ಮೇಲಿಂದ ಕ್ಯಾಚ್ ಹಿಡಿದಂತೆ, ಆದರೆ ಪಕ್ಕದಲ್ಲೇ ಒಬ್ಬ ನಿಮ್ಮನ್ನು ಕೆಡವಲು ಕಾದಿರುತ್ತಾನೆ. ಬರೀ ಕಾಲು ಸಾಕಾಗಲ್ಲ. ಸುಮ್ನೆ ಹೇಳುತ್ತಿಲ್ಲ. 1968ರಲ್ಲಿ ನೂರು ಮೀಟರ್ ಚಿನ್ನ ಗೆದ್ದ ಜಿಮ್ ಹೈನ್ಸ್ ಕೂಡ ಈ ಆಟಕ್ಕೆ ಬಂದ. ಒಟ್ಟು ಹಿಡಿದದ್ದು ಎರಡೇ ಚೆಂಡು. ಇನ್ನೂರು ಮೀಟರ್ ಗೆದ್ದ ಟಾಮಿ ಸ್ಮಿತ್ ಹಿಡಿದದ್ದು ಒಂದು.

ಹೇಯ್ಸ್ 1965ರ ಮೊದಲ ಸೀಸನ್‌ನಲ್ಲೇ 46 ಕ್ಯಾಚ್ ಹಿಡಿದು ಟೀಮನ್ನು 1,003 ಗಜ ಮುಂದಕ್ಕೆ ಒಯ್ದ, 12 ಸಲ ಟಚ್‌ಡೌನ್ ಮಾಡಿದ, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆಯಾಚೆ ತಲುಪಿಸಿದ. ಮರುವರ್ಷ 1,232 ಗಜ. ಅವನ ಹಿಂದೆ ಒಬ್ಬನೇ ಓಡಿ ತಡೆಯುವುದು ಆಗದ ಮಾತು ಅಂತ ಎದುರಾಳಿಗಳಿಗೆ ಬೇಗ ಗೊತ್ತಾಯಿತು. ಮೈದಾನವನ್ನು ಭಾಗ ಮಾಡಿಕೊಂಡು, ತಮ್ಮ ಜಾಗಕ್ಕೆ ಬಂದವನನ್ನು ತಾವು ನೋಡಿಕೊಳ್ಳುವ ‘ಝೋನ್’ ಪದ್ಧತಿ ಜಾಸ್ತಿಯಾಗಿದ್ದರಲ್ಲಿ ಅವನ ಪಾಲು ದೊಡ್ಡದು.

ಟೆಕ್ನಿಷಿಯನ್‌ಗೆ ಇಷ್ಟದ ಕಥೆ ಮಾತ್ರ ಸೋತ ಪಂದ್ಯದ್ದು. 1967ರ ಡಿಸೆಂಬರ್ 31, ಗ್ರೀನ್ ಬೇ ಊರು, ಸೊನ್ನೆಗಿಂತ ಸುಮಾರು 25 ಡಿಗ್ರಿ ಕೆಳಗಿನ ಚಳಿ. ಫ್ಲಾರಿಡಾ ಹುಡುಗನಿಗೆ ಹೇಗಾಗಿರಬೇಡ! ಚೆಂಡು ತನ್ನ ಕಡೆ ಬರಲ್ಲ ಅಂತ ಗೊತ್ತಿದ್ದಾಗ ಹೇಯ್ಸ್ ಎರಡೂ ಕೈ ಪ್ಯಾಂಟಿನೊಳಗೆ ತುರುಕಿಕೊಳ್ಳುತ್ತಿದ್ದ. ಬರುವ ಹಾಗಿದ್ದರೆ ಹೊರಗೆ ತೆಗೆಯುತ್ತಿದ್ದ. ಗ್ರೀನ್ ಬೇಯವರು ಚೆಂಡನ್ನೇನು ನೋಡಬೇಕು, ಅವನ ಕೈ ನೋಡಿದರೆ ಸಾಕಾಗಿತ್ತು. ಡಲ್ಲಾಸ್ 21–17ರಲ್ಲಿ ಸೋತಿತು. ಟೆಕ್ನಿಷಿಯನ್ ತಮ್ಮ ಕೈ ಏಪ್ರನ್ನಿನೊಳಗೆ ಹಾಕಿ, ತೆಗೆದು ಆಡಿ ತೋರಿಸುತ್ತಿದ್ದರು.

1972ರ ಜನವರಿಯಲ್ಲಿ ಡಲ್ಲಾಸ್ ಸೂಪರ್ ಬೌಲ್, ಅಂದರೆ ವೃತ್ತಿಪರ ಫುಟ್‌ಬಾಲ್‌ನ ಫೈನಲ್, ಗೆದ್ದಿತು. ಗೆದ್ದ ಟೀಮಿನ ಆಟಗಾರರಿಗೆ ಉಂಗುರ ಕೊಡುತ್ತಾರೆ. ಒಲಿಂಪಿಕ್ ಚಿನ್ನ, ಸೂಪರ್ ಬೌಲ್ ಉಂಗುರ ಎರಡೂ ಇರುವ ಮನುಷ್ಯ ಹೇಯ್ಸ್ ಒಬ್ಬನೇ. 1975ಕ್ಕೆ ಆಟ ಮುಗಿಯಿತು. 371 ಕ್ಯಾಚು, 71 ಟಚ್‌ಡೌನು. ಪ್ರತಿ ಕ್ಯಾಚಿಗೆ ಸರಾಸರಿ 20 ಗಜ!

ಆಮೇಲಿನದು ಕಷ್ಟದ ಕಥೆ. ಕುಡಿತ, ಮಾದಕ ವಸ್ತು ಮಾರಿದ ಕೇಸು, ಕೆಲವು ತಿಂಗಳ ಜೈಲು. ಆ ಹೊತ್ತಿಗೆ ಟೆಕ್ನಿಷಿಯನ್ ದನಿ ತಗ್ಗುತ್ತಿತ್ತು, ಬೇಗ 1994ಕ್ಕೆ ಬಂದುಬಿಡುತ್ತಿದ್ದರು. ಐವತ್ತು ದಾಟಿದ ಹೇಯ್ಸ್ ಅರ್ಧಕ್ಕೆ ಬಿಟ್ಟಿದ್ದ ಡಿಗ್ರಿಯನ್ನು ಅದೇ ಯೂನಿವರ್ಸಿಟಿಯಲ್ಲಿ ಮುಗಿಸಿದ ವರ್ಷ ಅದು. ವಿಷಯ: ಪ್ರಾಥಮಿಕ ಶಾಲೆಯ ಶಿಕ್ಷಣ.

2002ರಲ್ಲಿ, 59ನೇ ವಯಸ್ಸಿನಲ್ಲಿ, ಹೇಯ್ಸ್ ಜ್ಯಾಕ್ಸನ್‌ವಿಲ್‌ನಲ್ಲೇ ತೀರಿಕೊಂಡ. ಶ್ರೇಷ್ಠ ಆಟಗಾರರಿಗೆ ಗೌರವದ ಜಾಗವಾದ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ 2004ರಲ್ಲಿ ಹೆಸರು ಕೊನೆಯವರೆಗೂ ಬಂದು ತಪ್ಪಿಹೋಯಿತು. ಆಯ್ಕೆ ಸಮಿತಿಯಲ್ಲಿದ್ದ ಪತ್ರಕರ್ತ ಪಾಲ್ ಝಿಮ್ಮರ್‌ಮನ್ ಸಿಟ್ಟಾಗಿ ರಾಜೀನಾಮೆಯನ್ನೇ ಕೊಟ್ಟರು. ಕೊನೆಗೂ ಆಯ್ಕೆಯಾದದ್ದು 2009ರ ಜನವರಿ 31ರಂದು. ಆಗ ನಾನು ಅಲ್ಲೇ ಇದ್ದೆ. ಸೋಮವಾರ ಟೆಕ್ನಿಷಿಯನ್ ಯೂನಿವರ್ಸಿಟಿಯ ಬಣ್ಣದ, ಕಿತ್ತಳೆ ಹಸಿರು ಪಟ್ಟೆಯ ಟೈ ಕಟ್ಟಿಕೊಂಡು ಬಂದರು. ಮಷೀನಿಗೆ ಸಿಕ್ಕೀತು ಅಂತ ಅದನ್ನು ಶರ್ಟಿನೊಳಗೆ ತುರುಕಿ, ಅಂದುಕೊಂಡಾಗಲೆಲ್ಲ ಹೊರಗೆಳೆದು ತೋರಿಸುತ್ತಿದ್ದರು.

ಜ್ಯಾಕ್ಸನ್‌ವಿಲ್‌ನಲ್ಲಿ ಹೇಯ್ಸ್ ಹೆಸರಲ್ಲಿ ಶಾಲಾ ಮಕ್ಕಳ ಕ್ರೀಡಾಕೂಟ ನಡೆಯುತ್ತದೆ. ಓಟ, ಜಿಗಿತದ ಕೂಟ. ‘ಫುಟ್‌ಬಾಲ್ ಇಟ್ಟಿದ್ದರೆ ಏನಾಗ್ತಿತ್ತು’ ಅಂತ ಟೆಕ್ನಿಷಿಯನ್‌ಗೆ ಆ ಊರಿನವರ ಮೇಲೂ ಒಂದು ತಕರಾರು ಇತ್ತು.