ಅಮ್ಮನ ಮಣಿಕಟ್ಟಿಗೊಂದು ಇ.ಎಂ.ಜಿ. ಪೆಟ್ಟಿಗೆ: ಹನ್ನೊಂದು ವಾರಗಳ ಟಿಪ್ಪಣಿ

ಲಕ್ವ ಹೊಡೆದು ನಾಲ್ಕು ತಿಂಗಳಾಗುವ ಹೊತ್ತಿಗೆ ಅಮ್ಮನ ಬಲಗೈಯ ಭುಜ ಮತ್ತು ಮೊಣಕೈ ಫಿಸಿಯೋಥೆರಪಿಯಿಂದ ಬಹುಮಟ್ಟಿಗೆ ಹತೋಟಿಗೆ ಬಂದಿದ್ದವು. ಮಣಿಕಟ್ಟು ಮಾತ್ರ ಜೋತುಬಿದ್ದೇ ಇತ್ತು. ಮಣಿಕಟ್ಟು ತುಸು ಮೇಲೆದ್ದು ನಿಲ್ಲದ ಹೊರತು ಬೆರಳುಗಳ ಹಿಡಿತ ಬಿಗಿಯಾಗುವುದಿಲ್ಲವಾದ್ದರಿಂದ ಕಾಫಿ ಲೋಟ ಪ್ರತಿಸಲವೂ ಜಾರುತ್ತಿತ್ತು. "ನಾನು ಎತ್ತುತ್ತಲೇ ಇದ್ದೀನಿ ಕಣೋ, ಅದು ಏಳ್ತಾ ಇಲ್ಲ ಅಷ್ಟೆ" ಎಂದು ಅಮ್ಮ ಹೇಳುತ್ತಿದ್ದುದು ನಿಜವೇ ಆಗಿತ್ತು. ಮುಂಗೈಯ ಹಿಂಬದಿಯನ್ನು ಮುಟ್ಟಿ ನೋಡಿದ ಫಿಸಿಯೋಥೆರಪಿಸ್ಟ್, ಕೈ ಅಲುಗದಿದ್ದರೂ ಸ್ನಾಯು ಸಣ್ಣಗೆ ಬಿಗಿಯಾಗುತ್ತಿದೆ ಎಂದರು. ಅಮ್ಮನ ಕಣ್ಣಿಗೆ ಕಾಣದ ಈ ಯತ್ನವನ್ನು ಅವರ ಕಿವಿಗೆ ಕೇಳಿಸಬೇಕೆಂಬುದೇ ಈ ಇ.ಎಂ.ಜಿ. (ಸ್ನಾಯುವಿನ ವಿದ್ಯುತ್ ಸಂಕೇತವನ್ನು ಅಳೆಯುವ) ಪೆಟ್ಟಿಗೆಯ ಉದ್ದೇಶ.

ವಿಚಾರ ಹೊಸದಲ್ಲ. ಸ್ನಾಯುವಿನ ವಿದ್ಯುತ್ ಸಂಕೇತವನ್ನು ಕಣ್ಣಿಗೂ ಕಿವಿಗೂ ಒದಗಿಸಿದರೆ ಮನುಷ್ಯ ಒಂದೊಂದೇ ಚಾಲಕ ಘಟಕವನ್ನು (ಒಂದು ನರಕೋಶ ಮತ್ತು ಅದು ನಡೆಸುವ ಸ್ನಾಯುತಂತುಗಳ ಗುಂಪನ್ನು) ಇಚ್ಛೆಯಂತೆ ಹತೋಟಿಗೆ ತರಬಲ್ಲನೆಂದು ಕೆನಡಾದ ಜಾನ್ ಬಸ್ಮಾಜಿಯನ್ 1963ರಲ್ಲಿಯೇ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದ್ದರು. ಆದರೆ ಲಕ್ವದ ನಂತರದ ಇ.ಎಂ.ಜಿ. ಫೀಡ್‌ಬ್ಯಾಕ್ ಕುರಿತ 13 ಪ್ರಯೋಗಗಳನ್ನು, ಒಟ್ಟು 269 ಜನರ ಫಲಿತಾಂಶಗಳನ್ನು, ಒಟ್ಟಿಗೆ ನೋಡಿದ 2007ರ ಕಾಕ್ರೇನ್ ಪರಾಮರ್ಶೆಯು (ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯದು), ಪ್ರಯೋಗಗಳು ಚಿಕ್ಕವು, ಅವುಗಳ ವಿನ್ಯಾಸ ದುರ್ಬಲ ಎಂದು ಹೇಳಿ ಎಚ್ಚರದ ಮಾತನ್ನೇ ಆಡಿದೆ. ಹೀಗಾಗಿ ಮಾಮೂಲಿ ವ್ಯಾಯಾಮದ ಯಾವ ಭಾಗವನ್ನೂ ಬಿಡದೆ, ಫಿಸಿಯೋಥೆರಪಿಸ್ಟರ ಒಪ್ಪಿಗೆ ಪಡೆದು, ದಿನಕ್ಕೆ ಇಪ್ಪತ್ತು ನಿಮಿಷ ಮಾತ್ರ ಇದನ್ನು ಸೇರಿಸಿಕೊಂಡೆವು.

ವಾರ 1 ಮತ್ತು 2

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಒಂದು ಆರ್ಡುಯಿನೋ ಊನೋ (ಪ್ರೋಗ್ರಾಂ ಬರೆದು ನಡೆಸಬಹುದಾದ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು), ಒಂದು ಮಯೋವೇರ್ ಸ್ನಾಯು ಸೆನ್ಸರ್, ಬಜರ್ ಮತ್ತು ಇ.ಸಿ.ಜಿ.ಗೆ ಬಳಸುವ ಅಂಟು ಎಲೆಕ್ಟ್ರೋಡ್‌ಗಳು: ಸಾಮಗ್ರಿ ಇಷ್ಟೇ. ಎರಡು ಎಲೆಕ್ಟ್ರೋಡ್‌ಗಳನ್ನು ಮುಂಗೈಯ ಹಿಂಬದಿಯಲ್ಲಿ, ಮಣಿಕಟ್ಟನ್ನು ಮೇಲೆತ್ತುವ ಸ್ನಾಯುವಿನ ಉದ್ದಕ್ಕೂ, ಮೂರನೆಯದನ್ನು ಮೊಣಕೈಯ ಮೂಳೆಯ ಮೇಲೆ ಅಂಟಿಸಿದೆ. ಸಂಕೇತವನ್ನು ಸೆನ್ಸರೇ ಹಿಗ್ಗಿಸಿ, ಏರಿಳಿತಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ, ನಯಗೊಳಿಸಿ ಕೊಡುತ್ತದೆ. ಆರ್ಡುಯಿನೋ ಅದನ್ನು 0ಯಿಂದ 1023ರವರೆಗಿನ ಸಂಖ್ಯೆಯಾಗಿ ಓದುತ್ತದೆ. ಸಂಖ್ಯೆ ಮಿತಿಯನ್ನು ದಾಟಿದರೆ ಬಜರ್ ಮೊಳಗಬೇಕು.

ಮೊದಲ ದಿನ ಅಮ್ಮನ ಕೈ ಸುಮ್ಮನಿದ್ದಾಗಲೂ ಅದು ಮೊಳಗುತ್ತಲೇ ಇತ್ತು. ಅರ್ಧ ದೋಷ ಸ್ನಾನಕ್ಕೆ ಮೊದಲು ಕೈಗೆ ಹಚ್ಚಿದ್ದ ಕೊಬ್ಬರಿ ಎಣ್ಣೆಯದು. ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಿ ಒಣಗಿಸಿದ ಮೇಲೆ ಅದು ತೀರಿತು. ಉಳಿದರ್ಧ ಲ್ಯಾಪ್‌ಟಾಪ್ ಚಾರ್ಜರಿನ ಮೂಲಕ ನುಸುಳುತ್ತಿದ್ದ, ಮನೆಯ ವಿದ್ಯುತ್ತಿನ 50 ಹರ್ಟ್ಜ್ ಗುಂಯ್‌ಗುಡುವಿಕೆ. ಮೈಗೆ ಎಲೆಕ್ಟ್ರೋಡ್ ಅಂಟಿಸಿಕೊಂಡವರನ್ನು ಗೋಡೆಯ ಪ್ಲಗ್ಗಿಗೆ ಸೇರಿದ ಯಾವ ಸಾಧನಕ್ಕೂ ಜೋಡಿಸಬಾರದೆಂಬುದು ಸುರಕ್ಷತೆಯ ಮೊದಲ ಪಾಠ. ಅದನ್ನು ಸದ್ದಿನ ಕಾಟದಿಂದ ನೆನಪಿಸಿಕೊಳ್ಳಬೇಕಾಗಿ ಬಂದದ್ದು ನನಗೆ ನಾಚಿಕೆಯ ಸಂಗತಿ. ಅಂದಿನಿಂದ ಪೆಟ್ಟಿಗೆ ಪವರ್ ಬ್ಯಾಂಕಿನಲ್ಲಿ ಮಾತ್ರ ನಡೆಯುತ್ತಿದೆ.

ಎಲೆಕ್ಟ್ರೋಡ್ ಅರ್ಧ ಬೆರಳಿನಷ್ಟು ಸರಿದರೂ ಸಂಖ್ಯೆ ಬದಲಾಗುತ್ತದೆ. ಆದ್ದರಿಂದ ಚರ್ಮದ ಮೇಲೆ ಬಾಲ್‌ಪೆನ್ನಿನಿಂದ ಗುರುತು ಹಾಕಿದ್ದಲ್ಲದೆ, ಪ್ರತಿದಿನ ಮೊದಲ ಮೂರು ಯತ್ನಗಳಲ್ಲಿ ಅತಿ ಹೆಚ್ಚಿನದನ್ನು ಹಿಡಿದು ಅದರ ಶೇ. 60ನ್ನು ಅಂದಿನ ಮಿತಿಯಾಗಿ ಇಟ್ಟೆ. ನಿನ್ನೆಯ ಸಂಖ್ಯೆಯನ್ನು ಇಂದಿನದರ ಪಕ್ಕದಲ್ಲಿಟ್ಟು ಹಿಗ್ಗುವ ಆಸೆಯನ್ನು ಬಿಡಬೇಕಾಯಿತು.

ವಾರ 3

ಬಜರ್ ಚೆನ್ನಾಗಿ ಮೊಳಗತೊಡಗಿತು, ಅಮ್ಮನಿಗೂ ಹುರುಪು ಬಂತು, ನಾನು ಮಿತಿಯನ್ನು ಶೇ. 75ಕ್ಕೆ ಏರಿಸಿದೆ. ವಾರಾಂತ್ಯದಲ್ಲಿ ಬಂದ ಫಿಸಿಯೋಥೆರಪಿಸ್ಟ್ ಎರಡು ನಿಮಿಷ ನೋಡಿ, "ಇವರು ಮಣಿಕಟ್ಟು ಎತ್ತುತ್ತಿಲ್ಲ, ಮುಷ್ಟಿ ಬಿಗಿಯುತ್ತಿದ್ದಾರೆ" ಎಂದರು. ನಾವು ಏನನ್ನಾದರೂ ಬಿಗಿಯಾಗಿ ಹಿಡಿದಾಗ ಮಣಿಕಟ್ಟು ಒಳಕ್ಕೆ ಮಡಚಿಕೊಳ್ಳದಂತೆ ತಡೆಯಲು ಎತ್ತುವ ಸ್ನಾಯುಗಳೂ ತಾವಾಗಿಯೇ ಬಿಗಿಯಾಗುತ್ತವೆ. ಆ ಬಿಗಿತವೇ ಬಜರಿಗೆ ಸಾಕಾಗಿತ್ತು. ಹದಿನೈದು ದಿನ ನಾವು ಅಭ್ಯಾಸ ಮಾಡಿದ್ದು, ಲಕ್ವದಿಂದ ಮೊದಲೇ ಬಿಗಿದುಕೊಳ್ಳುತ್ತಿದ್ದ ಬೆರಳುಗಳನ್ನು ಇನ್ನಷ್ಟು ಬಿಗಿಯುವುದನ್ನು! ಪೆಟ್ಟಿಗೆ ತನಗೆ ಹೇಳಿದ್ದನ್ನು ತಪ್ಪಿಲ್ಲದೆ ಮಾಡಿತ್ತು. ಏನನ್ನು ಅಳೆಯಬೇಕೆಂದು ಹೇಳಿದವನು ನಾನು.

ವಾರ 4ರಿಂದ 6

ಒಂದು ವಾರ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಆಮೇಲೆ ಎರಡು ಬದಲಾವಣೆ ಮಾಡಿದೆ. ಮುಂಗೈಯ ಒಳಬದಿಯ ಮಡಚುವ ಸ್ನಾಯುಗಳ ಮೇಲೆ ಎರಡನೆಯ ಸೆನ್ಸರ್ ಬಂತು. ಅಂಗೈಯ ಹಿಂಬದಿಗೆ, ಹಳೆಯ ಕೈಗವಸಿನ ಮೇಲೆ ಹೊಲಿದು, ಎಂಪಿಯು-6050 ಎಂಬ ಓಲುಮಾಪಕ (ವಾಲಿಕೆಯನ್ನು ಅಳೆಯುವ ಸೆನ್ಸರ್) ಬಂತು. ಮುಂಗೈಯನ್ನು ಮೇಜಿನ ಮೇಲಿಟ್ಟು ಹಸ್ತವನ್ನು ಅಂಚಿನಿಂದ ಇಳಿಬಿಟ್ಟರೆ, ಗುರುತ್ವದ ದಿಕ್ಕನ್ನು ಆಧರಿಸಿ ಅದು ಹಸ್ತದ ಕೋನವನ್ನು ಹೇಳುತ್ತದೆ. ಎತ್ತುವ ಸ್ನಾಯು ಮಿತಿ ದಾಟಬೇಕು, ಮಡಚುವ ಸ್ನಾಯು ಅದರ ಮಿತಿಯೊಳಗೇ ಇರಬೇಕು, ಕೋನ ಎರಡು ಡಿಗ್ರಿಯಾದರೂ ಏರಬೇಕು. ಮೂರೂ ಕೂಡಿದರೆ ಮಾತ್ರ ಸದ್ದು.

ಸದ್ದನ್ನೂ ಬದಲಿಸಿದೆ. "ಈ ಕಿರುಚಾಟಕ್ಕೆ ತಲೆನೋವು ಬರತ್ತೆ" ಎಂದು ಅಮ್ಮ ಗೊಣಗಿದ್ದರಿಂದ, ಕೋನ ಏರಿದಂತೆ ಸ್ಥಾಯಿ ಏರುವ ಮೆದು ಸ್ವರವನ್ನು ಸಣ್ಣ ಸ್ಪೀಕರಿನಲ್ಲಿ ಕೊಟ್ಟೆ. ಮೊದಲ ಮೂರು ದಿನ ಮನೆಯಲ್ಲಿ ಬರೀ ಮೌನ. ನಾಲ್ಕನೆಯ ದಿನ ಬೆರಳುಗಳು ಸಡಿಲವಾಗಿಯೇ ಇದ್ದು ಹಸ್ತ ಒಮ್ಮೆ ಮಿಸುಕಿತು, ಸ್ವರ ಹೊರಟಿತು.

ವಾರ 7ರಿಂದ 11

ಸ್ವರ ಇದ್ದಾಗ ಏಳುವ ಕೈ, ಪೆಟ್ಟಿಗೆ ಮುಚ್ಚಿದ ಮೇಲೆ ಅಷ್ಟು ಏಳುತ್ತಿರಲಿಲ್ಲ. ಚಲನೆಯ ಕಲಿಕೆಯನ್ನು ಅಧ್ಯಯನ ಮಾಡಿದ ಸಲ್ಮೋನಿ, ಸ್ಮಿಟ್ ಮತ್ತು ವಾಲ್ಟರ್ 1984ರಲ್ಲಿ ಇದನ್ನೇ ಎತ್ತಿ ತೋರಿಸಿದ್ದರು: ಪ್ರತಿ ಯತ್ನಕ್ಕೂ ಹೊರಗಿನಿಂದ ಉತ್ತರ ಸಿಗುತ್ತಿದ್ದರೆ ಕಲಿಯುವವರು ಅದನ್ನೇ ಊರುಗೋಲು ಮಾಡಿಕೊಂಡು, ತಮ್ಮ ಕೈಯ ಸಂವೇದನೆಯನ್ನು ಗಮನಿಸುವುದನ್ನು ಬಿಡುತ್ತಾರೆ. ಆದ್ದರಿಂದ ಏಳನೆಯ ವಾರದಿಂದ ಒಂದು ಯತ್ನ ಬಿಟ್ಟು ಒಂದಕ್ಕೆ, ಒಂಬತ್ತನೆಯ ವಾರದಿಂದ ಐದು ಯತ್ನಗಳ ಕೊನೆಗೊಮ್ಮೆ ಮಾತ್ರ ಫಲಿತಾಂಶ ಕೊಡುತ್ತಿದ್ದೇನೆ, ಅದಕ್ಕೂ ಮೊದಲು "ಈಗ ಎದ್ದಿತೇ?" ಎಂದು ಅಮ್ಮನನ್ನೇ ಕೇಳುತ್ತೇನೆ. ಮೊದಮೊದಲು ಅವರ ಊಹೆ ತಪ್ಪುತ್ತಿತ್ತು. ಈಗ ಐದರಲ್ಲಿ ನಾಲ್ಕು ಸರಿಯಿರುತ್ತದೆ, ನನ್ನ ಮಟ್ಟಿಗೆ ಕೋನಕ್ಕಿಂತ ಇದೇ ದೊಡ್ಡ ಫಲ.

ಕೋನ ಈಗ, ಪೆಟ್ಟಿಗೆ ಮುಚ್ಚಿದ್ದರೂ, ಸುಮಾರು ಹದಿನೆಂಟು ಡಿಗ್ರಿ. ಇದರಲ್ಲಿ ಪೆಟ್ಟಿಗೆಯ ಪಾಲೆಷ್ಟು, ದಿನನಿತ್ಯದ ವ್ಯಾಯಾಮದ ಪಾಲೆಷ್ಟು, ಕಾಲ ಕಳೆದಂತೆ ಮೆದುಳು ತಾನಾಗಿ ಚೇತರಿಸಿಕೊಂಡದ್ದೆಷ್ಟು ಎಂಬುದನ್ನು ಒಬ್ಬರ ಕೈಯಿಂದ ಬಿಡಿಸಿ ಹೇಳಲಾಗದು. ಲೋಟ ಇನ್ನೂ ತುಂಬಿಸಿಲ್ಲ. ಕಾಲು ಲೋಟ ನೀರಿಟ್ಟು ಅಭ್ಯಾಸ ನಡೆದಿದೆ. ಮುಂದಿನ ವಾರ ಮೇಜಿನ ಆಸರೆಯಿಲ್ಲದೆ ಕೋನ ಅಳೆಯಬೇಕಾಗಿರುವುದರಿಂದ, ಮುಂಗೈಗೆ ಇನ್ನೊಂದು ಓಲುಮಾಪಕವನ್ನು ಕಟ್ಟಿ ಎರಡರ ವ್ಯತ್ಯಾಸವನ್ನು ಲೆಕ್ಕ ಹಾಕುವಂತೆ ಪ್ರೋಗ್ರಾಂ ತಿದ್ದುತ್ತಿದ್ದೇನೆ.