ಜೋಗಿಮಟ್ಟಿಗೆ ಹೋಗ್ತೀರಾ? ಸ್ವಲ್ಪ ಗದ್ದಲ ಮಾಡ್ಕೊಂಡು ನಡೀರಿ

ಚಿತ್ರದುರ್ಗದ ಪಕ್ಕದ ಕಾಡುಬೆಟ್ಟ ಜೋಗಿಮಟ್ಟಿಗೆ ಮೊದಲ ಸಲ ಹೋದಾಗ ಎಲ್ಲಾ ಉಲ್ಟಾ ಮಾಡಿದ್ದೆವು. ದಾವಣಗೆರೆಯಲ್ಲಿ ಆರಾಮಾಗಿ ಬೆಣ್ಣೆ ದೋಸೆ ತಿಂದು ಹೊರಟು, ಚಿತ್ರದುರ್ಗದ ಕೋಟೆ ಸುತ್ತಿ, ಮಧ್ಯಾಹ್ನ ಮೂರಕ್ಕೆ ಕಾಡಿನ ಕಡೆ ತಿರುಗಿದೆವು. ಅದೂ ಏಪ್ರಿಲ್‌ನಲ್ಲಿ. ಮೇಲೆ ಹೋಗಿ ನೀರು ಕುಡಿಯುವಷ್ಟರಲ್ಲಿ ಇಳಿಯುವ ಹೊತ್ತಾಗಿತ್ತು. ಕಂಡಿದ್ದು ಒಣಹುಲ್ಲು, ಸಾಲುಸಾಲು ಗಾಳಿಯಂತ್ರ, ನಮ್ಮ ಖಾರಮಂಡಕ್ಕಿ ಪೊಟ್ಟಣ ಕಿತ್ತುಕೊಂಡು ಓಡಿದ ಒಂದು ಮಂಗ.

ಈ ಸಲ ಸೆಪ್ಟೆಂಬರ್ ಕೊನೆಗೆ, ಕೋಟೆ ಗೀಟೆ ಎಲ್ಲಾ ಬಿಟ್ಟು ಇದೊಂದಕ್ಕೇ ಹೋದೆವು. ಭಾವ ಮತ್ತು ನಾನು, ಇಬ್ಬರೇ. ದಾವಣಗೆರೆಯಿಂದ ಹೆದ್ದಾರಿಯಲ್ಲಿ ಸುಮಾರು 60 ಕಿ.ಮೀ. ಚಿತ್ರದುರ್ಗ, ಅಲ್ಲಿಂದ ಬೆಟ್ಟಕ್ಕೆ ಇನ್ನೊಂದು ಹತ್ತು. ದಾರಿಯಲ್ಲೇ ಆಡುಮಲ್ಲೇಶ್ವರ ಕಿರು ಮೃಗಾಲಯ ಸಿಗುತ್ತದೆ. ಮಕ್ಕಳಿದ್ದರೆ ಅದನ್ನು ವಾಪಸ್ ಬರುವಾಗ ನೋಡಿ. ಮೊದಲೇ ಒಳಗೆ ಹೊಕ್ಕರೆ ಅಲ್ಲೇ ಮಧ್ಯಾಹ್ನ ಆಗುತ್ತದೆ.

ಒಂದು ಮಾತು ನೆನಪಿರಲಿ. ಜೋಗಿಮಟ್ಟಿ ಈಗ ಸುಮಾರು 100 ಚದರ ಕಿ.ಮೀ.ನ ವನ್ಯಜೀವಿಧಾಮ. ಗುಡ್ಡ ಕಂಡಲ್ಲಿ ಹತ್ತುವ ಹಾಗಿಲ್ಲ. ನಡೆಯುವ ಆಸೆ ಇದ್ದರೆ ಮುಂಚೆಯೇ ಅರಣ್ಯ ಇಲಾಖೆಯಲ್ಲಿ ಕೇಳಿ, ಗೇಟಿನ ಸಮಯವನ್ನೂ ತಿಳಿದುಕೊಂಡು ಬನ್ನಿ. ನಾವು ಹಿಂದಿನ ದಿನವೇ ಕೇಳಿಕೊಂಡಿದ್ದರಿಂದ ಜೊತೆಗೆ ಒಬ್ಬ ವಾಚರ್ ಬಂದರು.

ಅವರು ಜೊತೆಗೆ ಬಂದದ್ದೇ ಲಾಭ. ಅರ್ಧ ತಾಸು ನಡೆದಿರಬೇಕು, ಒಂದು ಹುತ್ತದ ಮುಂದೆ ನಿಂತರು. ಹುತ್ತದ ಒಂದು ಪಕ್ಕ ಪೂರಾ ಕಿತ್ತುಹೋಗಿತ್ತು. ಮಣ್ಣು ಇನ್ನೂ ಹಸಿ. ಒಳಗಿನ ಗೋಡೆಯ ಮೇಲೆ ಬೆರಳು ಅಗಲಿಸಿ ಎಳೆದ ಹಾಗೆ ಉಗುರಿನ ಗೀರು, ತಳದಲ್ಲಿ ಬಿಳಿ ಗೆದ್ದಲು ಗಾಬರಿಯಾಗಿ ಓಡಾಡುತ್ತಿದ್ದವು. "ಕರಡಿ ನೋಡೋಕೆ ಅಂತ ಬಂದ್ರೆ ಕರಡಿ ಸಿಗಲ್ಲ ಸಾರ್. ಅದು ಮಾಡಿಟ್ಟ ಕೆಲಸ ಸಿಗುತ್ತೆ ಅಷ್ಟೇ" ಅಂದರು. ನಮ್ಮ ಕಡೆಯ ಕರಡಿಗೆ ಮೇಲಿನ ಸಾಲಿನಲ್ಲಿ ನಡುವಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿಯಿಂದಲೇ ಗೆದ್ದಲನ್ನು ಸೊರ್ ಅಂತ ಎಳೆದುಕೊಳ್ಳುತ್ತದೆ. ಆ ಸದ್ದು ದೂರಕ್ಕೂ ಕೇಳುತ್ತದಂತೆ. ಸ್ವಲ್ಪ ಮುಂದೆ ದಾರಿ ಮೇಲೆಯೇ ಅದರ ಹಿಕ್ಕೆ, ಅದರ ತುಂಬಾ ಸೀತಾಫಲದ ಕಪ್ಪು ಬೀಜ. ಆ ದಿನಗಳಲ್ಲಿ ಗುಡ್ಡದ ತುಂಬಾ ಸೀತಾಫಲ ಇರುತ್ತದೆ. ದಯವಿಟ್ಟು ಕೀಳಬೇಡಿ. ಕೆಳಗೆ ಊರಲ್ಲಿ ಬುಟ್ಟಿಗಟ್ಟಲೆ ಸಿಗುತ್ತದೆ.

ಕಾಡಿಗೆ ಹೋದರೆ ಬಾಯಿ ಮುಚ್ಚಿಕೊಂಡು ನಡೆಯಬೇಕು ಅಂತ ನಾನು ನಂಬಿದ್ದೆ. ವಾಚರ್ ಹೇಳಿದ್ದು ಬೇರೆಯೇ. ಕರಡಿ ಸುಮ್ನೆ ಮೈಮೇಲೆ ಬರುವ ಪ್ರಾಣಿಯಲ್ಲ. ತಿರುವಿನಲ್ಲಿ ದಿಢೀರ್ ಎದುರಾದರೆ ಹೆದರಿ ಎರಗುತ್ತದೆ. ಹಾಗಾಗಿ ಪೊದೆ ದಟ್ಟವಾಗಿರುವ ಕಡೆ ಮಾತಾಡುತ್ತಾ ನಡೆಯಬೇಕು, ಕೋಲಿನಿಂದ ಕಲ್ಲು ಬಡಿಯಬೇಕು. ಭಾವ ಹೇಗೂ ಬಾಯಿ ಮುಚ್ಚುವವರಲ್ಲ, ಅವತ್ತು ಅದು ಒಳ್ಳೆಯದೇ ಆಯಿತು. ಹಾಗಂತ ಸ್ಪೀಕರ್‌ನಲ್ಲಿ ಹಾಡು ಹಾಕಬೇಡಿ ಮತ್ತೆ. ಹಕ್ಕಿ ನೋಡಬೇಕಾದರೆ ಬಯಲಾಗಿರುವ ಕಡೆ ಕೂತು ಕಾಯಿರಿ.

ಮೇಲೆ ಗಾಳಿ ಹೇಗೆ ಬೀಸುತ್ತದೆ ಅಂದರೆ ಟೋಪಿ ತಲೆ ಮೇಲೆ ನಿಲ್ಲುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಮಂಜು ಕವಿದು ಹತ್ತು ಮಾರು ಆಚೆ ಏನೂ ಕಾಣದ ದಿನಗಳೂ ಇವೆ. ಫೋಟೋಗೆ ಚೆಂದ, ನಡೆಯಲು ಕಷ್ಟ. ಮಳೆ ಬಿಟ್ಟ ಮೇಲಿನ ಎರಡು ತಿಂಗಳೇ ನನಗೆ ಇಷ್ಟ. ಬಾದೆ ಹುಲ್ಲು ಎದೆಮಟ್ಟ ಬೆಳೆದಿರುತ್ತದೆ. ಒಂದು ಗರಿ ಉಜ್ಜಿ ಮೂಸಿ ನೋಡಿ, ನಿಂಬೆ ವಾಸನೆ. ಇದೇ ಹುಲ್ಲು ಫೆಬ್ರವರಿ ಹೊತ್ತಿಗೆ ಒಣಗಿ ಒಂದು ಬೀಡಿ ಕಿಡಿಗೆ ಗುಡ್ಡಕ್ಕೆ ಗುಡ್ಡವೇ ಹೊತ್ತಿಕೊಳ್ಳುತ್ತದೆ. ಬೆಂಕಿಪೊಟ್ಟಣ ಮನೆಯಲ್ಲೇ ಬಿಡಿ.

ಮೇಲೆ ಅಂಗಡಿ ನಂಬಿಕೊಂಡು ಹೋಗಬೇಡಿ. ತಲೆಗೆ ಎರಡು ಲೀಟರ್ ನೀರು, ಚಪಾತಿ, ಮುಚ್ಚಿದ ಬ್ಯಾಗು. ಮಂಗನ ಕತೆ ಮೇಲೆ ಹೇಳಿದ್ದೇನಲ್ಲ.

ಕೊಂಡುಕುರಿ ಅನ್ನುವ ಜಿಂಕೆಯಂಥ ಪ್ರಾಣಿ ನೋಡುವ ಆಸೆ ಇರುವವರಿಗೆ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಇದೆ. ಆ ಪ್ರಾಣಿಗೆಂದೇ 2011ರಲ್ಲಿ ವನ್ಯಜೀವಿಧಾಮವಾದ ಜಾಗ. ಗಂಡಿಗೆ ನಾಲ್ಕು ಕೊಂಬು, ಮುಂದಿನ ಎರಡು ಮೋಟು. ಹೆಣ್ಣಿಗೆ ಒಂದೂ ಇಲ್ಲ. ಹಿಂಡುಗಟ್ಟದೆ ಒಂಟಿಯಾಗಿಯೋ ಜೋಡಿಯಾಗಿಯೋ ಹುಲ್ಲಿನಲ್ಲಿ ಅಡಗಿರುವ ನಾಚಿಕೆ ಸ್ವಭಾವದ್ದು. ಕಣ್ಣಿಗೆ ಬೀಳುವುದು ಅಪರೂಪ. ಒಂದೇ ಜಾಗಕ್ಕೆ ಬಂದು ಬಂದು ಹಿಕ್ಕೆ ಹಾಕುವುದರಿಂದ ಆ ಗುಡ್ಡೆಯಾದರೂ ಕಾಣಬಹುದು. ಅಲ್ಲಿಗೂ ಅನುಮತಿ ಬೇಕು.

ತುಂಬು ತೋಳು, ಉದ್ದ ಪ್ಯಾಂಟು ಹಾಕಿಕೊಳ್ಳಿ, ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ. ನಾವು ಸೇರಿಸಲಿಲ್ಲ. ರಾತ್ರಿ ಸ್ನಾನಕ್ಕೆ ಹೋದರೆ ಮೊಣಕಾಲಿನ ಹಿಂದೆ ಉಣ್ಣೆ ಹುಳ ಕಚ್ಚಿಕೊಂಡು ಕೂತಿತ್ತು. ಚಿಮುಟದಲ್ಲಿ ಕಿತ್ತು ಹೊರಗೆ ಬಂದರೆ ಭಾವನ ಫೋನು.

"ನಿಂಗೆ ಎಷ್ಟೋ? ನಂಗೆ ಮೂರು."